ಕಾರಿನ ಬೆಲ್ಟ್ ಬದಲಾಯಿಸುವ ಕಾಲ ಬಂತು ಅಂತ ತಿಳಿಯುವುದು ಹೇಗೆ?

"ಬೆಲ್ಟ್ ಯಾವಾಗ ಬದಲಾಯಿಸಬೇಕು?" ಮಳೆಗಾಲ ಶುರುವಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ದಸರಾ ರಜೆಗೆ ಊರಿಗೆ ಹೊರಡುವ ಹಿಂದಿನ ವಾರ ಮತ್ತೆ ಬರುತ್ತದೆ. ಕೇಳುವವರಿಗೆ ಅಷ್ಟರಲ್ಲಿ ಗ್ಯಾರೇಜಿನವರು ಏನೋ ಒಂದು ಹೇಳಿರುತ್ತಾರೆ. ಒಬ್ಬರು "ಇನ್ನೂ ಹತ್ತು ಸಾವಿರ ಓಡುತ್ತೆ ಬಿಡಿ ಸಾರ್" ಅಂದಿರುತ್ತಾರೆ. ಇನ್ನೊಬ್ಬರು "ಇವತ್ತೇ ಹಾಕಿಸಿಬಿಡಿ" ಅಂದಿರುತ್ತಾರೆ. ಯಾರ ಮಾತು ಕೇಳಬೇಕು ಅನ್ನುವುದೇ ಗೊಂದಲ.

ಮೊದಲು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಎಂಜಿನ್ನಿನಲ್ಲಿ ಎರಡು ಬಗೆಯ ಬೆಲ್ಟ್ ಇರಬಹುದು. ಹೊರಗೆ ಕಾಣುವ ಬೆಲ್ಟನ್ನು ಕಣ್ಣು, ಕಿವಿ ನಂಬಿ ಬದಲಾಯಿಸಬೇಕು. ಒಳಗೆ ಮುಚ್ಚಿಕೊಂಡಿರುವ ಬೆಲ್ಟನ್ನು ಕ್ಯಾಲೆಂಡರ್ ಮತ್ತು ಮೀಟರ್ ನಂಬಿ ಬದಲಾಯಿಸಬೇಕು. ನಾನು ನೋಡಿದ ದೊಡ್ಡ ಬಿಲ್ಲುಗಳೆಲ್ಲ ಒಳಗಿನ ಬೆಲ್ಟೂ ಮುನ್ಸೂಚನೆ ಕೊಡುತ್ತದೆ ಅಂತ ಕಾದು ಕೂತವರಿಗೆ ಬಂದದ್ದು.

ಯಾವ ಬೆಲ್ಟ್ ಏನು ಮಾಡುತ್ತದೆ?

ಹೊರಗಿನದನ್ನು ನಮ್ಮಲ್ಲಿ ಎಲ್ಲರೂ ಫ್ಯಾನ್ ಬೆಲ್ಟ್ ಅನ್ನುತ್ತಾರೆ. ಹಿಂದೆ ರೇಡಿಯೇಟರ್ ಫ್ಯಾನನ್ನು ಇದೇ ತಿರುಗಿಸುತ್ತಿತ್ತು. ಈಗ ಹೆಚ್ಚಿನ ಕಾರುಗಳಲ್ಲಿ ಫ್ಯಾನಿಗೆ ಬೇರೆ ಮೋಟರ್ ಇದೆ, ಆದರೂ ಹೆಸರು ಹಾಗೇ ಉಳಿದಿದೆ. ಸರ್ವಿಸ್ ಬಿಲ್ಲಿನಲ್ಲಿ ಇದು ಡ್ರೈವ್ ಬೆಲ್ಟ್, ಪಾಲಿ-ವಿ ಬೆಲ್ಟ್ ಅಥವಾ ಸರ್ಪೆಂಟೈನ್ ಬೆಲ್ಟ್ ಅಂತ ಇರಬಹುದು. ಇದು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ, ಮೆಕ್ಯಾನಿಕ್‌ಗಳು ಡೈನಮೋ ಅನ್ನುತ್ತಾರೆ), ಎಸಿ ಕಂಪ್ರೆಸರ್, ಕೆಲವು ಕಾರುಗಳಲ್ಲಿ ಪವರ್ ಸ್ಟೀರಿಂಗ್ ಪಂಪ್, ಎಷ್ಟೋ ಕಾರುಗಳಲ್ಲಿ ವಾಟರ್ ಪಂಪ್ ಇವನ್ನೆಲ್ಲ ತಿರುಗಿಸುತ್ತದೆ. ಕೆಲವು ಕಾರುಗಳಲ್ಲಿ ಎಲ್ಲಕ್ಕೂ ಒಂದೇ ಉದ್ದ ಬೆಲ್ಟ್, ಕೆಲವದರಲ್ಲಿ ಎರಡು ಮೂರು ಚಿಕ್ಕವು.

ಒಳಗಿನದು ಟೈಮಿಂಗ್ ಬೆಲ್ಟ್. ಇದಕ್ಕೆ ಹಲ್ಲುಗಳಿವೆ. ಕೆಳಗಿನ ಕ್ರ್ಯಾಂಕ್ ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಎರಡು ಸುತ್ತು ಸುತ್ತುವಾಗ ಮೇಲಿನ ಕ್ಯಾಮ್ ಶಾಫ್ಟ್ (ವಾಲ್ವುಗಳನ್ನು, ಅಂದರೆ ಗಾಳಿ, ಹೊಗೆ ಹೋಗಿಬರುವ ಬಾಗಿಲುಗಳನ್ನು ತೆರೆಯುವ ದಂಡ) ಸರಿಯಾಗಿ ಒಂದು ಸುತ್ತು ಸುತ್ತಬೇಕು. ಆ ತಾಳ ತಪ್ಪದಂತೆ ಹಿಡಿದಿಡುವುದು ಇದರ ಕೆಲಸ. ಎಂಜಿನ್ ನಿಮಿಷಕ್ಕೆ 3,000 ಸುತ್ತು ಓಡುತ್ತಿದ್ದರೆ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಈಗಿನ ಹೆಚ್ಚಿನ ಎಂಜಿನ್ನುಗಳಲ್ಲಿ ವಾಲ್ವ್ ಕೆಳಗಿಳಿಯುವ ಜಾಗಕ್ಕೇ ಪಿಸ್ಟನ್ ಕೂಡ ಮೇಲೆ ಬರುತ್ತದೆ, ಬರುವ ಹೊತ್ತು ಮಾತ್ರ ಬೇರೆ. ಬೆಲ್ಟ್ ಕಿತ್ತುಹೋದರೆ ಆ ಎರಡೂ ಡಿಕ್ಕಿ ಹೊಡೆಯುತ್ತವೆ. ವಾಲ್ವ್ ಬೆಂಡ್ ಆಗುತ್ತದೆ, ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚಬೇಕಾಗುತ್ತದೆ, ಕೆಲವು ಸಲ ಪಿಸ್ಟನ್ನೇ ಹೋಗುತ್ತದೆ.

ಬೇಕಾಗುವ ಸಾಮಾನು

ಒಳ್ಳೆಯ ಟಾರ್ಚ್, ಮೊಬೈಲ್ ಕ್ಯಾಮೆರಾ, ಹಳೇ ಬಟ್ಟೆ, ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಕಾರಿನ ಮ್ಯಾನುವಲ್, ಹಳೆಯ ಸರ್ವಿಸ್ ಬಿಲ್ಲುಗಳು. ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು. ಸ್ಪ್ಯಾನರ್ ಬೇಡ. ಈ ಲೇಖನದಲ್ಲಿ ನೀವು ಏನನ್ನೂ ಬಿಚ್ಚುವುದಿಲ್ಲ, ಹೆಚ್ಚೆಂದರೆ ಒಂದು ಪ್ಲಾಸ್ಟಿಕ್ ಕವರ್.

ಕೈ ಹಾಕುವ ಮುಂಚೆ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಕೀ ನಿಮ್ಮ ಜೇಬಿನಲ್ಲಿರಬೇಕು. ಎಂಜಿನ್ ಬಿಸಿ ಇದ್ದರೆ ಕೀ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಲು ಶುರು ಮಾಡುತ್ತದೆ. ದುಪಟ್ಟಾ, ಸೆರಗು, ಬಳೆ, ಕೊರಳ ಸರ, ಸಡಿಲ ತೋಳು ಯಾವುದೂ ಬಾನೆಟ್ ಒಳಗೆ ಇಳಿಬೀಳಬಾರದು. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

1. ನಿಮ್ಮ ಎಂಜಿನ್ನಿನಲ್ಲಿ ಬೆಲ್ಟೋ ಚೈನೋ, ಮೊದಲು ಗೊತ್ತು ಮಾಡಿಕೊಳ್ಳಿ

ಎಲ್ಲ ಕಾರಿಗೂ ಟೈಮಿಂಗ್ ಬೆಲ್ಟ್ ಇರುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಆ ಜಾಗದಲ್ಲಿ ಲೋಹದ ಚೈನ್ ಇರುತ್ತದೆ. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್ನುಗಳು, ಸ್ವಿಫ್ಟ್ ಮತ್ತು ಡಿಜೈರ್‌ನ 1.3 ಲೀಟರ್ ಡೀಸೆಲ್, ಹ್ಯುಂಡೈನ 1.2 ಕಪ್ಪಾ ಪೆಟ್ರೋಲ್, ಇವೆಲ್ಲ ಚೈನ್ ಎಂಜಿನ್ನುಗಳು. ಮಾರುತಿ 800, ಓಮ್ನಿ, 2010ಕ್ಕೆ ಮುಂಚಿನ ವ್ಯಾಗನ್ ಆರ್, ಸ್ಯಾಂಟ್ರೋ ಜಿಂಗ್, 1.1 ಲೀಟರ್ ಐ10, ಡಸ್ಟರ್ ಡೀಸೆಲ್, ಪೋಲೋ ಮತ್ತು ವೆಂಟೋ ಡೀಸೆಲ್, ಕ್ರಿಸ್ಟಾ ಬರುವ ಮುಂಚಿನ ಇನ್ನೋವಾ ಡೀಸೆಲ್, ಇವು ಬೆಲ್ಟ್ ಎಂಜಿನ್ನುಗಳು.

ಇಲ್ಲೇ ಒಂದು ತಪ್ಪು ಆಗುತ್ತದೆ. "ನಮ್ಮ ಭಾವನ ಐ10ಗೆ ಚೈನ್ ಇದೆ, ನನ್ನದಕ್ಕೂ ಅದೇ" ಅಂದುಕೊಂಡು ಸುಮ್ನೆ ಇರುತ್ತಾರೆ. ಹೆಸರು ಒಂದೇ ಆದರೂ ಎಂಜಿನ್ ಬೇರೆ ಇರಬಹುದು, ಐ10ರಲ್ಲೇ ಎರಡೂ ಬಗೆ ಇವೆ. ಮ್ಯಾನುವಲ್ ನೋಡಿ. ಇಲ್ಲದಿದ್ದರೆ ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ.

ಚೈನ್ ಇದ್ದರೆ ಅವಧಿಗೆ ಬದಲಾಯಿಸುವ ಗೋಜು ಸಾಮಾನ್ಯವಾಗಿ ಇಲ್ಲ. ಆದರೆ ಚೈನ್ ಎಂಜಿನ್ ಆಯಿಲ್ಲಿನಲ್ಲೇ ಬದುಕುತ್ತದೆ. ಆಯಿಲ್ ಬದಲಾಯಿಸುವುದನ್ನು ಮುಂದೂಡಿದರೆ ಅದೂ ಸವೆದು ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಒಂದು ಬದಿಯಿಂದ ಕೆಲವು ಸೆಕೆಂಡ್ ಗಲಗಲ ಸದ್ದು ಬಂದರೆ ತೋರಿಸಿ. ಚೈನ್ ಇರುವವರಿಗೂ ಹೊರಗಿನ ಫ್ಯಾನ್ ಬೆಲ್ಟ್ ಇದ್ದೇ ಇರುತ್ತದೆ. ಹಾಗಾಗಿ ಮುಂದೆ ಓದಿ.

ಇನ್ನೊಂದು ಜಾತಿಯೂ ಇದೆ. ಇಕೋಸ್ಪೋರ್ಟ್‌ನ 1.0 ಇಕೋಬೂಸ್ಟ್ ಪೆಟ್ರೋಲ್‌ನಂಥ ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡುತ್ತದೆ. ಇದಕ್ಕೆ ಮ್ಯಾನುವಲ್‌ನಲ್ಲಿ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕಬೇಡಿ. ಬೆಲ್ಟಿನ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಡೀ ಎಂಜಿನ್ನಿಗೆ ಆಯಿಲ್ ಸಾಲದೆ ಹೋಗುತ್ತದೆ.

2. ಲೆಕ್ಕ ಹಾಕಿ: ಕಿಲೋಮೀಟರ್, ವರ್ಷ, ಮತ್ತು ನಮ್ಮ ಟ್ರಾಫಿಕ್

ಮ್ಯಾನುವಲ್‌ನ ಸರ್ವಿಸ್ ಪಟ್ಟಿಯಲ್ಲಿ ಟೈಮಿಂಗ್ ಬೆಲ್ಟ್ ಎದುರು ಎರಡು ಅಂಕಿ ಇರುತ್ತವೆ: ಇಷ್ಟು ಕಿ.ಮೀ. ಅಥವಾ ಇಷ್ಟು ವರ್ಷ. ಯಾವುದು ಮೊದಲು ಬರುತ್ತದೋ ಅದು. ಎಂಜಿನ್ನಿನಿಂದ ಎಂಜಿನ್ನಿಗೆ ಇದು ಬೇರೆ. ಸಾಮಾನ್ಯವಾಗಿ 60,000ದಿಂದ 1,50,000 ಕಿ.ಮೀ. ನಡುವೆ ಎಲ್ಲೋ ಇರುತ್ತದೆ. ಹಾಗಾಗಿ "ಎಲ್ಲ ಕಾರಿಗೂ ಒಂದು ಲಕ್ಷ" ಅನ್ನುವ ಮಾತು ನಂಬಬೇಡಿ.

ವರ್ಷದ ಲೆಕ್ಕವನ್ನು ಜನ ಮರೆಯುತ್ತಾರೆ. ವರ್ಕ್ ಫ್ರಮ್ ಹೋಮ್ ಆದ ಮೇಲೆ ಎಷ್ಟೋ ಕಾರುಗಳು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತೇ ಇವೆ. ಎಂಟು ವರ್ಷ ಹಳೇ ಕಾರು, ಓಡಿದ್ದು 35,000 ಕಿ.ಮೀ. ಮೀಟರ್ ನೋಡಿದರೆ ಬೆಲ್ಟ್ ಹೊಸದರಂತೆ ಅನ್ನಿಸುತ್ತದೆ. ಆದರೆ ರಬ್ಬರ್ ಓಡದೆಯೂ ಹಳೆಯದಾಗುತ್ತದೆ, ಗಟ್ಟಿಯಾಗುತ್ತದೆ. ತುಂಬ ದಿನ ನಿಂತ ಕಾರಿನಲ್ಲಿ ಇನ್ನೊಂದು ತೊಂದರೆ ಇಲಿ. ಬೇಸ್‌ಮೆಂಟಿನ ಇಲಿ ವೈರನ್ನಷ್ಟೇ ಅಲ್ಲ, ಬೆಲ್ಟಿನ ಅಂಚನ್ನೂ ಕಡಿಯಬಹುದು.

ಈಗ ಟ್ರಾಫಿಕ್ ಲೆಕ್ಕ. ಬೆಂಗಳೂರಿನಲ್ಲಿ ವೈಟ್‌ಫೀಲ್ಡಿನಿಂದ ಜಯನಗರಕ್ಕೆ ದಿನಾ ಓಡಾಡುವವರನ್ನು ತಗೊಳ್ಳಿ. ಸುಮಾರು 22 ಕಿ.ಮೀ.ಗೆ ಒಂದೂವರೆ ಗಂಟೆ ಹಿಡಿಯಿತು ಅಂದುಕೊಳ್ಳಿ. ಅವರ ಕಾರು 10,000 ಕಿ.ಮೀ. ಓಡುವಷ್ಟರಲ್ಲಿ ಎಂಜಿನ್ ಹೆಚ್ಚುಕಡಿಮೆ 680 ಗಂಟೆ ತಿರುಗಿರುತ್ತದೆ. ಇನ್ನೊಬ್ಬರು ವಾರವಾರ ಹಾಸನಕ್ಕೆ ಹೋಗಿಬರುತ್ತಾರೆ, 185 ಕಿ.ಮೀ.ಗೆ ಮೂರೂವರೆ ಗಂಟೆ. ಅದೇ 10,000 ಕಿ.ಮೀ.ಗೆ ಅವರ ಎಂಜಿನ್ ತಿರುಗಿದ್ದು 190 ಗಂಟೆ. ಮೀಟರ್ ಎರಡರಲ್ಲೂ ಒಂದೇ ತೋರಿಸುತ್ತದೆ. ಗಂಟೆಯಲ್ಲಿ ಮೂರೂವರೆ ಪಟ್ಟು ವ್ಯತ್ಯಾಸ!

ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಿಧಾನ ತಿರುಗುತ್ತದೆ, ನಿಜ. ಹಾಗಾಗಿ ಸವೆತವೂ ಮೂರೂವರೆ ಪಟ್ಟು ಅಂತಲ್ಲ. ಆದರೆ ನಿಂತ ಕಾರಿನ ಬಾನೆಟ್ ಒಳಗೆ ಗಾಳಿ ಆಡುವುದಿಲ್ಲ. ಎಸಿ ಆನ್ ಆಗಿ ಆಫ್ ಆಗಿ ಬೆಲ್ಟನ್ನು ಎಳೆದು ಬಿಡುತ್ತಲೇ ಇರುತ್ತದೆ. "ಬೆಂಗಳೂರಿನಲ್ಲಿ ಬಿಸಿಲು ಕಡಿಮೆ, ರಬ್ಬರ್ ಬಾಳಿಕೆ ಬರುತ್ತೆ" ಅನ್ನುವವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತ ಕಾರಿನ ಬಾನೆಟ್ ಮುಟ್ಟಿ ನೋಡಬೇಕು. ಬೆಲ್ಟಿಗೆ ಊರಿನ ಹವೆ ಲೆಕ್ಕಕ್ಕಿಲ್ಲ, ಎಂಜಿನ್ ಪಕ್ಕದ ಶಾಖವೇ ಅದರ ಹವೆ.

ಬಹಳಷ್ಟು ಮ್ಯಾನುವಲ್‌ಗಳಲ್ಲಿ ಹಿಂದಿನ ಪುಟಗಳಲ್ಲಿ "ಕಠಿಣ ಬಳಕೆ" ಅಂತ ಇನ್ನೊಂದು ಪಟ್ಟಿ ಇರುತ್ತದೆ. ನಿಂತು ನಿಂತು ಓಡುವ ಟ್ರಾಫಿಕ್, ಧೂಳಿನ ರಸ್ತೆ, ತುಂಬ ಹೊತ್ತು ಐಡ್ಲಿಂಗ್ (ಕಾರು ನಿಂತಲ್ಲೇ ಎಂಜಿನ್ ಓಡುವುದು) ಇವೆಲ್ಲ ಅದರಲ್ಲಿ ಬರುತ್ತವೆ. ಮೆಟ್ರೋ ಕಾಮಗಾರಿ ಧೂಳು ಕುಡಿದು, ಹೊರವರ್ತುಲ ರಸ್ತೆಯಲ್ಲಿ ತೆವಳುವ ಕಾರು ಕಠಿಣ ಬಳಕೆಯದ್ದೇ. ನಿಮ್ಮ ಮ್ಯಾನುವಲ್‌ನಲ್ಲಿ ಆ ಪಟ್ಟಿ ಇದ್ದರೆ ಅದನ್ನೇ ನೋಡಿ. ಇಲ್ಲದಿದ್ದರೆ ಹೇಳಿದ ಅವಧಿಗಿಂತ ಸ್ವಲ್ಪ ಮುಂಚೆಯೇ ಮಾಡಿಸಿ. ನನ್ನ ಮಟ್ಟಿಗೆ, ಟೈಮಿಂಗ್ ಬೆಲ್ಟಿನ ಕೊನೆಯ ಹತ್ತು ಸಾವಿರ ಕಿ.ಮೀ. ಉಳಿಸಲು ಹೋಗುವುದು ದುಬಾರಿ ಉಳಿತಾಯ.

3. ಕಿವಿಗೊಟ್ಟು ಕೇಳಿ

ಇದು ಹೊರಗಿನ ಬೆಲ್ಟಿಗೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ. ಎಸಿ ಹಾಕಿ. ಸ್ಟೀರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ ಒಂದೆರಡು ಸೆಕೆಂಡ್ ಹಿಡಿಯಿರಿ. ಆಗ ಉದ್ದಕ್ಕೆ "ಕೀಂ..." ಅಂತ ಎಳೆದ ಸದ್ದು ಬಂದರೆ ಬೆಲ್ಟ್ ಜಾರುತ್ತಿದೆ. ಹಕ್ಕಿ ಮರಿಯ ಹಾಗೆ "ಚಿಕ್ ಚಿಕ್ ಚಿಕ್" ಅಂತ ತಾಳಬದ್ಧವಾಗಿ ಬಂದರೆ ಪುಲ್ಲಿಗಳು (ಬೆಲ್ಟ್ ಸುತ್ತುವ ಗಾಲಿಗಳು) ಒಂದೇ ಸಾಲಿನಲ್ಲಿ ಇಲ್ಲದಿರಬಹುದು. "ಗರ್ರ್" ಅಂತ ಒರಟು ಸದ್ದಾದರೆ ಬೆಲ್ಟ್ ಅಲ್ಲ, ಯಾವುದೋ ಬೇರಿಂಗ್ ಹೋಗಿರಬಹುದು.

ಅನುಮಾನ ಇದ್ದರೆ ನೀರಿನ ಪರೀಕ್ಷೆ. ಎಂಜಿನ್ ಓಡುತ್ತಿರಲಿ, ನೀವು ದೂರ ನಿಂತು ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೀರುಗಳಿರುವ (ಉದ್ದಕ್ಕೂ ಎದ್ದ ರಬ್ಬರ್ ಏಣುಗಳಿರುವ) ಬದಿಗೆ ಒಂದು ಸಲ ನೀರು ಚಿಮುಕಿಸಿ. ಕೈ ಯಾವ ಕಾರಣಕ್ಕೂ ಬೆಲ್ಟಿನ ಹತ್ತಿರ ಹೋಗಬಾರದು. ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಯ ಸಾಲು ತಪ್ಪಿದೆ. ಸದ್ದು ಇನ್ನೂ ಜೋರಾದರೆ ಬಿಗಿ ಸಾಲದು, ಅಥವಾ ಬೆಲ್ಟ್ ಸವೆದಿದೆ.

ಜೋರು ಮಳೆಯಲ್ಲಿ ಅಂಡರ್‌ಪಾಸ್ ನೀರು ದಾಟಿ ಬಂದ ಮೇಲೆ ಒಂದೆರಡು ನಿಮಿಷ ಕಿರುಚಿ ಸುಮ್ಮನಾದರೆ ಗಾಬರಿ ಬೇಡ. ಒಣಗಿದ ಮೇಲೂ ಕಿರುಚಿದರೆ ಮಾತ್ರ ನೋಡಿಸಿ.

ಸದ್ದಿಗೆ ಮದ್ದು ಅಂತ ಬೆಲ್ಟಿಗೆ ಸೋಪು ಉಜ್ಜುವವರಿದ್ದಾರೆ, ಮೇಣ ಹಚ್ಚುವವರಿದ್ದಾರೆ, ಡಬ್ಬಿಯಲ್ಲಿ ಬರುವ ಬೆಲ್ಟ್ ಸ್ಪ್ರೇ ಹೊಡೆಯುವವರೂ ಇದ್ದಾರೆ. ಯಾವುದೂ ಬೇಡ. ಅದಕ್ಕೆ ಧೂಳು ಅಂಟಿ ಬೆಲ್ಟ್ ಇನ್ನೂ ಬೇಗ ಹಾಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾರು ಕೊಡುತ್ತಿದ್ದ ಎಚ್ಚರಿಕೆಯ ಬಾಯಿ ಮುಚ್ಚಿಸಿದ ಹಾಗಾಗುತ್ತದೆ.

4. ಟಾರ್ಚ್ ಹಿಡಿದು ನೋಡಿ

ಎಂಜಿನ್ ಆಫ್, ತಣ್ಣಗಿದೆ ಅಲ್ವಾ? ಈಗ ಟಾರ್ಚ್ ಬಿಟ್ಟು ಬೆಲ್ಟಿನ ಎರಡೂ ಬದಿ ನೋಡಿ. ಕಣ್ಣು ಹೋಗದ ಜಾಗಕ್ಕೆ ಮೊಬೈಲ್ ಇಳಿಸಿ ವಿಡಿಯೋ ಮಾಡಿ, ಆಮೇಲೆ ದೊಡ್ಡದು ಮಾಡಿ ನೋಡಿ. ಮೊಬೈಲ್ ಕೈಜಾರದಂತೆ ಹಿಡಿಯಿರಿ. ಬೆಲ್ಟಿನ ಒಂದು ತುಣುಕಷ್ಟೇ ಮೇಲೆ ಕಾಣುತ್ತದೆ, ಹಾಗಾಗಿ ಜೊತೆಯವರಿಂದ ಎಂಜಿನ್ನನ್ನು ಒಂದು ಕ್ಷಣ ಸ್ಟಾರ್ಟ್ ಮಾಡಿಸಿ ನಿಲ್ಲಿಸಿದರೆ ಬೇರೆ ಭಾಗ ಮೇಲೆ ಬರುತ್ತದೆ. ಆಗ ನೀವು ಬಾನೆಟ್ಟಿನಿಂದ ದೂರ ಇರಬೇಕು. ಕೀ ತೆಗೆದು ಕೈಗೆ ಕೊಟ್ಟ ಮೇಲೆಯೇ ಮತ್ತೆ ಬಗ್ಗಿ.

ಬೆಲ್ಟಿನ ಅಂಚಿನಲ್ಲಿ ದಾರದ ಎಳೆ ಎದ್ದಿದ್ದರೆ, ಗೀರಿನ ರಬ್ಬರ್ ತುಂಡು ಕಿತ್ತು ಹೋಗಿದ್ದರೆ, ಆಯಿಲ್ ಅಥವಾ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬಿದ್ದು ಮೆತ್ತಗೆ ಊದಿದ್ದರೆ ಇನ್ನು ಯೋಚನೆ ಬೇಡ, ಬದಲಾಯಿಸಿ. ಆಯಿಲ್ ಬಿದ್ದಿದ್ದರೆ ಎಲ್ಲಿಂದ ಸೋರುತ್ತಿದೆ ಅಂತ ಮೊದಲು ಹುಡುಕಿ ಸರಿ ಮಾಡಿಸಿ. ಇಲ್ಲದಿದ್ದರೆ ಹೊಸ ಬೆಲ್ಟಿಗೂ ಅದೇ ಗತಿ. ಗೀರುಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅದು ಜಾರಿ ಜಾರಿ ಸುಟ್ಟ ಗುರುತು. ಆಲ್ಟರ್ನೇಟರ್ ಮೇಲೆ, ಸುತ್ತಲಿನ ಪ್ಲಾಸ್ಟಿಕ್ ಮೇಲೆ ಕಪ್ಪು ಪುಡಿ ಕೂತಿದೆಯಾ ಅಂತ ಬಟ್ಟೆಯಿಂದ ಒರೆಸಿ ನೋಡಿ. ಅದು ರಸ್ತೆ ಧೂಳಲ್ಲ, ಬೆಲ್ಟಿನದೇ ಪುಡಿ.

ಬಿರುಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಕಾಲದ ಬೆಲ್ಟುಗಳು ನಿಯೋಪ್ರೀನ್ ಎಂಬ ರಬ್ಬರಿನವು. ಅವು ವಯಸ್ಸಾದಂತೆ ಅಡ್ಡಡ್ಡ ಬಿರುಕು ಬಿಡುತ್ತಿದ್ದವು. ಒಂದು ಇಂಚಿನಲ್ಲಿ ಮೂರು ಬಿರುಕು ಕಂಡರೆ ಬದಲಾಯಿಸಿ ಅನ್ನುವ ಲೆಕ್ಕ ಆಗಿನದು. ಈಗಿನ ಹೆಚ್ಚಿನ ಬೆಲ್ಟುಗಳು ಇಪಿಡಿಎಂ ಎಂಬ ಬೇರೆ ರಬ್ಬರಿನವು. ಇವು ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಟೈರ್ ಸವೆದಂತೆ ಒಳಗೊಳಗೇ ಸವೆಯುತ್ತವೆ. "ಬಿರುಕೇ ಇಲ್ಲ, ಚೆನ್ನಾಗಿದೆ" ಅಂತ ಬಾನೆಟ್ ಮುಚ್ಚುವುದು ಇವತ್ತಿನ ಅತಿ ದೊಡ್ಡ ತಪ್ಪು.

ಇದು ನನಗೆ ಅರ್ಥವಾದದ್ದು ಜೆ.ಸಿ. ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ. ನನ್ನ ಕಾರಿನ ಹಳೇ ಬೆಲ್ಟ್ ಅಳತೆಗೆ ಅಂತ ಒಯ್ದಿದ್ದೆ. ಒಂದೂ ಬಿರುಕಿರಲಿಲ್ಲ. ಅಂಗಡಿಯವರು ಹೊಸದನ್ನು ಅದರ ಪಕ್ಕ ಇಟ್ಟು, "ಎರಡರ ಸಂದಿಗೂ ಉಗುರು ಇಟ್ಟು ನೋಡಿ ಸಾರ್" ಅಂದರು. ಹೊಸದರ ಗೀರುಗಳ ನಡುವೆ ಹೆಬ್ಬೆರಳಿನ ಉಗುರು ಬಿಗಿಯಾಗಿ ಕೂತಿತು. ಹಳೆಯದರಲ್ಲಿ ಆಚೀಚೆ ಅಲ್ಲಾಡಿತು. ಗೀರಿನ ಸಂದಿ ಅಷ್ಟು ಅಗಲವಾಗಿತ್ತು. ಸಂದಿ ಅಗಲವಾದಷ್ಟೂ ಬೆಲ್ಟ್ ಪುಲ್ಲಿಯೊಳಗೆ ಕೆಳಗಿಳಿದು ಕೂರುತ್ತದೆ, ಹಿಡಿತ ಬಿಡುತ್ತದೆ. ಸಂದಿ ಚೂಪಾದ "ವಿ" ಆಕಾರ ಬಿಟ್ಟು ತಟ್ಟೆಯ ಹಾಗೆ ಅಗಲವಾಗಿ ಕಂಡರೆ ಕಾಲ ಬಂತು ಅಂತ ಅರ್ಥ. ನಿಮಗೆ ಗೊತ್ತಾಗದಿದ್ದರೆ ಮೆಕ್ಯಾನಿಕ್ಕಿಗೆ ಬೆಲ್ಟ್ ಸವೆತ ಅಳೆಯುವ ಪ್ಲಾಸ್ಟಿಕ್ ಗೇಜ್ ಹಿಡಿದು ತೋರಿಸಲು ಹೇಳಿ. ಹಳೇ ಮಾದರಿಯ ಒಂಟಿ ಗೀರಿನ ವಿ-ಬೆಲ್ಟ್ ಆದರೆ ಇನ್ನೂ ಸುಲಭ: ಅದರ ಬೆನ್ನು ಪುಲ್ಲಿಯ ಅಂಚಿಗೆ ಸಮನಾಗಿರಬೇಕು, ಆಳಕ್ಕೆ ಇಳಿದಿದ್ದರೆ ಸವೆದಿದೆ.

5. ಬಿಗಿ ನೋಡಿ

ಕೈಯಿಂದ ಬಿಗಿ ಮಾಡುವ ಬೆಲ್ಟ್ ಆದರೆ ಎರಡು ಪುಲ್ಲಿಗಳ ನಡುವಿನ ಉದ್ದದ ಜಾಗದಲ್ಲಿ ಹೆಬ್ಬೆರಳಿನಿಂದ ಜೋರಾಗಿ ಒತ್ತಿ. ಎಷ್ಟು ಬಗ್ಗಬೇಕು ಅಂತ ಮಿಲಿಮೀಟರ್ ಲೆಕ್ಕದಲ್ಲಿ ಮ್ಯಾನುವಲ್ ಹೇಳುತ್ತದೆ. ಸಡಿಲ ಇದ್ದರೆ ಜಾರುತ್ತದೆ. ಆದರೆ "ಗಟ್ಟಿಯಾಗಿರಲಿ" ಅಂತ ಅತಿಯಾಗಿ ಬಿಗಿ ಮಾಡಿಸಬೇಡಿ. ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಬೇರಿಂಗ್ ಹೋಗುತ್ತವೆ, ಬೆಲ್ಟಿಗಿಂತ ಅವೇ ದುಬಾರಿ.

ಸ್ಪ್ರಿಂಗ್ ಇರುವ ಆಟೋ ಟೆನ್ಷನರ್ (ತಾನಾಗಿ ಬಿಗಿ ಕಾಯುವ ತೋಳು) ಇದ್ದರೆ ಒತ್ತಿ ನೋಡುವುದು ಉಪಯೋಗವಿಲ್ಲ. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ದೂರದಿಂದ ಆ ತೋಳನ್ನು ನೋಡಿ. ಸಣ್ಣಗೆ ಮಿಸುಕಿದರೆ ಸರಿ, ಪಟಪಟ ಬಡಿದುಕೊಳ್ಳುತ್ತಿದ್ದರೆ ಟೆನ್ಷನರ್ ಸೋತಿದೆ. ಅದನ್ನು ಹಾಗೇ ಬಿಟ್ಟು ಬೆಲ್ಟ್ ಮಾತ್ರ ಹೊಸದು ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಕಿರುಚಾಟ.

6. ಟೈಮಿಂಗ್ ಬೆಲ್ಟ್: ಇಲ್ಲಿ ಕಣ್ಣನ್ನು ನಂಬಬೇಡಿ

ಕೆಲವು ಎಂಜಿನ್ನುಗಳಲ್ಲಿ ಮೇಲಿನ ಪ್ಲಾಸ್ಟಿಕ್ ಕವರ್ ಕ್ಲಿಪ್ ಬಿಡಿಸಿ ಇಣುಕಬಹುದು. ಹಲ್ಲಿನ ಬುಡದಲ್ಲಿ ಬಿರುಕು, ಅಂಚಿನಲ್ಲಿ ಎಳೆ, ಆಯಿಲ್ ತೇವ ಇದ್ದರೆ ಕಾರು ಓಡಿಸಬೇಡಿ. ಆದರೆ ಏನೂ ಕಾಣದಿದ್ದರೆ "ಚೆನ್ನಾಗಿದೆ" ಅಂತ ಅರ್ಥ ಅಲ್ಲ. ಒಳಗಿನ ದಾರದ ಬಲ ಕಣ್ಣಿಗೆ ಕಾಣುವುದಿಲ್ಲ. ಅದರ ಜೊತೆ ಓಡುವ ಟೆನ್ಷನರ್, ಐಡ್ಲರ್ (ಬೆಲ್ಟಿಗೆ ದಾರಿ ತೋರುವ ಗಾಲಿ) ಬೇರಿಂಗ್ ಯಾವ ಸ್ಥಿತಿಯಲ್ಲಿವೆ ಅಂತಲೂ ಮೇಲಿಂದ ತಿಳಿಯುವುದಿಲ್ಲ. ಒಂದು ಬೇರಿಂಗ್ ಜಾಮ್ ಆದರೂ ಬೆಲ್ಟ್ ಹಾರುತ್ತದೆ. ಹಾಗಾಗಿ ಇಲ್ಲಿ ಎರಡನೇ ಹಂತದ ಲೆಕ್ಕವೇ ಕೊನೆಯ ಮಾತು.

ಹಳೇ ಇನ್ನೋವಾ ಡೀಸೆಲ್ ಇರುವವರಿಗೆ ಒಂದು ಮಾತು. ಬಿಡದಿಯಲ್ಲಿ ತಯಾರಾಗಿ ಬೆಂಗಳೂರಿನ ಟ್ಯಾಕ್ಸಿಗಳಾಗಿ ಓಡಿದ ಗಾಡಿಗಳು ಈಗ ಸೆಕೆಂಡ್‌ಹ್ಯಾಂಡ್ ಆಗಿ ಮನೆಗಳಿಗೆ ಬರುತ್ತಿವೆ. ಇವುಗಳ ಮೀಟರ್ ಬೋರ್ಡಿನಲ್ಲಿ "ಟಿ-ಬೆಲ್ಟ್" ಅನ್ನುವ ದೀಪ ಇದೆ. ಅದು ಬೆಲ್ಟನ್ನು ನೋಡಿ ಹೊತ್ತಿಕೊಳ್ಳುವುದಿಲ್ಲ, ಕಿಲೋಮೀಟರ್ ಎಣಿಸಿ ಹೊತ್ತಿಕೊಳ್ಳುತ್ತದೆ. ಬೆಲ್ಟ್ ಬದಲಾಯಿಸದೆಯೂ ಅದನ್ನು ಆರಿಸಿಬಿಡಬಹುದು. ದೀಪ ಇಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಬೇಡ, ಬಿಲ್ ಕೇಳಿ.

ಯಾವ ಸೆಕೆಂಡ್‌ಹ್ಯಾಂಡ್ ಕಾರೇ ಆಗಲಿ, ಟೈಮಿಂಗ್ ಬೆಲ್ಟ್ ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಕೊಂಡ ವಾರವೇ ಬದಲಾಯಿಸಿ. ಆ ಖರ್ಚನ್ನು ಚೌಕಾಸಿಯಲ್ಲೇ ಲೆಕ್ಕ ಹಿಡಿಯಿರಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ಎಷ್ಟೋ ಕಾರು ಮುಳುಗಿದ್ದವು. ನೀರಲ್ಲಿ ನಿಂತ ಕಾರಿನ ಕವರ್ ಒಳಗೆ ಕೆಸರು ಸೇರಿರುತ್ತದೆ, ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಅಂಥ ಕಾರು ಅಂತ ಅನುಮಾನ ಬಂದರೆ ಕವರ್ ಬಿಚ್ಚಿಸಿ ನೋಡಿ.

7. ಸರಿಯಾದ ಬೆಲ್ಟ್ ಕೊಳ್ಳಿ

ಫ್ಯಾನ್ ಬೆಲ್ಟಿನ ಬೆನ್ನಿನ ಮೇಲೆ "6 ಪಿಕೆ 1200" ಅಂತ ಏನೋ ಬರೆದಿರುತ್ತದೆ. ಮೊದಲ ಅಂಕಿ ಗೀರುಗಳ ಸಂಖ್ಯೆ, ಪಿಕೆ ಅಂದರೆ ಗೀರಿನ ಮಾದರಿ, ಕೊನೆಯದು ಉದ್ದ ಮಿಲಿಮೀಟರ್‌ನಲ್ಲಿ. ನಿಮ್ಮ ಕಾರಿನದ್ದು ಏನು ಅಂತ ಪಾರ್ಟ್ ನಂಬರ್ ಸಮೇತ ಬರೆದುಕೊಂಡು ಹೋಗಿ. "ಐದು ಮಿಲಿಮೀಟರ್ ವ್ಯತ್ಯಾಸ ಅಷ್ಟೇ, ಹೊಂದುತ್ತೆ" ಅಂದರೆ ಬೇಡ ಅನ್ನಿ.

ಜೆ.ಸಿ. ರಸ್ತೆಯಲ್ಲಿ ಕಂಪನಿ ಪಾರ್ಟೂ ಸಿಗುತ್ತದೆ, ಗೇಟ್ಸ್, ಕಾಂಟಿಟೆಕ್, ಡೇಕೋ, ಬ್ಯಾಂಡೋ, ಫೆನ್ನರ್‌ನಂಥ ಬೆಲ್ಟ್ ತಯಾರಕರದ್ದೂ ಸಿಗುತ್ತದೆ. ಡೂಪ್ಲಿಕೇಟೂ ಇದೆ. ಪ್ಯಾಕಿನ ಅಚ್ಚು ಮಸುಕಾಗಿದ್ದರೆ, ಬೆಲ್ಟಿನ ಮೇಲಿನ ಬರಹ ಉಜ್ಜಿದರೆ ಹೋಗುವಂತಿದ್ದರೆ, ಬಿಲ್ ಕೊಡಲು ಹಿಂಜರಿದರೆ ವಾಪಸ್ ಬನ್ನಿ. ತಯಾರಾದ ದಿನಾಂಕ ನೋಡಿ, ವರ್ಷಗಟ್ಟಲೆ ಅಂಗಡಿಯಲ್ಲಿ ಕೂತ ರಬ್ಬರ್ ಬೇಡ. ಟೈಮಿಂಗ್ ಬೆಲ್ಟನ್ನು ಮಡಚಿ ಒತ್ತಿ ಚೀಲಕ್ಕೆ ತುರುಕಬೇಡಿ, ಒಳಗಿನ ದಾರ ಮುರಿಯುತ್ತದೆ. ಬಳಸಿದ ಬೆಲ್ಟನ್ನು ಗುಜರಿಯಿಂದ ತರುವ ಯೋಚನೆಯನ್ನೇ ಬಿಟ್ಟುಬಿಡಿ.

8. ಗ್ಯಾರೇಜಿನಲ್ಲಿ ಏನು ಕೇಳಬೇಕು

ಟೈಮಿಂಗ್ ಬೆಲ್ಟ್ ಬರೀ ಬೆಲ್ಟ್ ಆಗಿ ಹಾಕಿಸಬೇಡಿ, ಕಿಟ್ ಹಾಕಿಸಿ. ಬೆಲ್ಟ್, ಟೆನ್ಷನರ್, ಐಡ್ಲರ್ ಎಲ್ಲ ಒಟ್ಟಿಗೆ. ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತಿದ್ದರೆ ಅದನ್ನೂ ಈಗಲೇ ಬದಲಾಯಿಸಿ. ಬಿಚ್ಚುವ ಕೂಲಿಯೇ ಇಲ್ಲಿ ದೊಡ್ಡದು, ಆರು ತಿಂಗಳಿಗೆ ಪಂಪ್ ಸೋರಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ಸೋರುತ್ತಿವೆಯಾ ಅಂತ ಬಿಚ್ಚಿದಾಗಲೇ ನೋಡಲು ಹೇಳಿ.

ಜೋಡಿಸಿದ ಮೇಲೆ ಸೆಲ್ಫ್ ಹೊಡೆಯುವ ಮುಂಚೆ, ಎಂಜಿನ್ನನ್ನು ಸ್ಪ್ಯಾನರ್ ಹಾಕಿ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಟೈಮಿಂಗ್ ಗುರುತುಗಳು ಮತ್ತೆ ಕೂಡುತ್ತವಾ ಅಂತ ನೋಡಬೇಕು. ಒಳ್ಳೆಯ ಮೆಕ್ಯಾನಿಕ್ ಇದನ್ನು ಹೇಳಿಸಿಕೊಳ್ಳದೆ ಮಾಡುತ್ತಾರೆ. ಆದರೂ "ಅಣ್ಣಾ, ಮಾರ್ಕ್ ಒಂದು ಸಲ ತೋರಿಸಿ" ಅಂತ ಕೇಳಿ, ತಪ್ಪೇನಿಲ್ಲ. ಹಳೇ ಭಾಗಗಳನ್ನು ವಾಪಸ್ ತಗೊಳ್ಳಿ. ಬಿಲ್ಲಿನಲ್ಲಿ ಕಿಲೋಮೀಟರ್ ಬರೆಸಿ. ಒಂದು ಸ್ಟಿಕ್ಕರ್ ಮೇಲೆ ತಾರೀಕು, ಮೀಟರ್ ಬರೆದು ಬಾನೆಟ್ ಒಳಗೆ ಅಂಟಿಸಿ.

ದಾರಿಯಲ್ಲಿ ಕಿತ್ತುಹೋದರೆ

ಫ್ಯಾನ್ ಬೆಲ್ಟ್ ಹೋದರೆ ಬ್ಯಾಟರಿ ಆಕಾರದ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಸ್ಟೀರಿಂಗ್ ಭಾರ ಆಗಬಹುದು, ಎಸಿ ಬಿಸಿ ಗಾಳಿ ಬಿಡುತ್ತದೆ. ಹೆಬ್ಬಾಳ ಫ್ಲೈಓವರ್ ಮೇಲಿರಲಿ, ಶಿರಾಡಿ ಘಾಟಿಯಲ್ಲಿರಲಿ, ಮೊದಲು ಟೆಂಪರೇಚರ್ ಮುಳ್ಳು ಅಥವಾ ದೀಪ ನೋಡಿ. ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಬದಿಗೆ ನಿಲ್ಲಿಸಿ, ಆಫ್ ಮಾಡಿ, ಟೋಯಿಂಗ್‌ಗೆ ಫೋನ್ ಮಾಡಿ. "ಮುಂದಿನ ಊರಿನವರೆಗೆ ಹೋಗೋಣ" ಅಂತ ಓಡಿಸಿದವರ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಟೈಮಿಂಗ್ ಬೆಲ್ಟ್ ಹೋದರೆ ಎಂಜಿನ್ ಒಮ್ಮೆಗೇ ನಿಲ್ಲುತ್ತದೆ. ಸೆಲ್ಫ್ ಹೊಡೆದರೆ ಎಂದಿನ ಭಾರ ಇಲ್ಲದೆ ಹಗುರವಾಗಿ, ಜಾಸ್ತಿ ವೇಗವಾಗಿ ತಿರುಗಿದ ಸದ್ದು ಬರುತ್ತದೆ. ಅಲ್ಲಿಗೇ ನಿಲ್ಲಿಸಿ. ಎರಡನೇ ಸಲ ಸೆಲ್ಫ್ ಬೇಡ, ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಪ್ರತಿ ಪ್ರಯತ್ನವೂ ಇನ್ನೊಂದು ವಾಲ್ವ್ ಬಗ್ಗಿಸಬಹುದು.

ಸ್ಕೂಟರ್ ಇರುವವರಿಗೆ

ಗೇರ್ ಇಲ್ಲದ ಪೆಟ್ರೋಲ್ ಸ್ಕೂಟರ್‌ಗಳ ಎಡಬದಿಯ ಕವರ್ ಒಳಗೂ ಒಂದು ಬೆಲ್ಟ್ ಇದೆ. ಅದು ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಕೊಡುತ್ತದೆ. ಹೆಚ್ಚಿನ ಸ್ಕೂಟರ್‌ಗಳಲ್ಲಿ 20,000ದಿಂದ 25,000 ಕಿ.ಮೀ. ಹೊತ್ತಿಗೆ ಬದಲಾವಣೆಗೆ ಬರುತ್ತದೆ, ಖಚಿತ ಅಂಕಿ ನಿಮ್ಮ ಮ್ಯಾನುವಲ್‌ನಲ್ಲಿ ಇರುತ್ತದೆ. ಹೊರಡುವಾಗ ನಡುಕ, ಪಿಕಪ್ ಕಡಿಮೆ, ಎಂಜಿನ್ ಕೂಗಿದಷ್ಟು ಗಾಡಿ ಓಡದಿರುವುದು, ಇವು ಲಕ್ಷಣ. ಬೆಲ್ಟಿನ ಅಗಲ ಅಳೆದು ಮ್ಯಾನುವಲ್ ಕೊಟ್ಟ ಮಿತಿಗಿಂತ ಕಡಿಮೆ ಇದ್ದರೆ ಬದಲಾಯಿಸಬೇಕು. ಕವರ್ ಬಿಚ್ಚಿದಾಗ ಬೆಲ್ಟಿನ ಪುಲ್ಲಿಯೊಳಗಿನ ಸಣ್ಣ ರೋಲರ್‌ಗಳು ಒಂದು ಬದಿ ಚಪ್ಪಟೆ ಆಗಿವೆಯಾ ಅಂತಲೂ ನೋಡಿಸಿ. ಬೆಲ್ಟಿಗೆ ಗ್ರೀಸ್ ತಾಗದಂತೆ ಎಚ್ಚರ ಇರಲಿ. ಕಿತ್ತುಹೋದರೆ ಎಂಜಿನ್ ಓಡುತ್ತಲೇ ಇರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಆಗ ಆಕ್ಸಿಲರೇಟರ್ ತಿರುಗಿಸುತ್ತಾ ನಿಲ್ಲಬೇಡಿ, ಆಫ್ ಮಾಡಿ ಬದಿಗೆ ತಳ್ಳಿಕೊಳ್ಳಿ. ಗ್ಯಾರೇಜಿನಲ್ಲಿ ಕವರ್ ಒಳಗೆ ಉಳಿದ ಬೆಲ್ಟಿನ ಚೂರುಗಳನ್ನು ಪೂರ್ತಿ ತೆಗೆಸಿದ ಮೇಲೆಯೇ ಹೊಸದು ಹಾಕಿಸಿ.